ಹದಿನೆಂಟು ಸಾವಿರದ ಆರುನೂರ ನಲವತ್ತು ರೂಪಾಯಿ ಮಾತ್ರ: ಸರ್ಕಾರಿ ಚೆಕ್ಕು ಬಳಕೆದಾರರ ಕೈಪಿಡಿ

ಹೊಸ ಮಿಕ್ಸಿ ತಂದವರು ಡಬ್ಬದೊಳಗಿನ ಪುಸ್ತಿಕೆಯನ್ನು ಓದುವುದಿಲ್ಲ. ಮಿಕ್ಸಿ ಹೊಗೆ ಬಿಟ್ಟ ಮೇಲೆ ಅದನ್ನು ಹುಡುಕುತ್ತಾರೆ. ಸರ್ಕಾರಿ ಹಣದ ಕತೆಯೂ ಇಷ್ಟೇ. ಪುಸ್ತಕಗಳೇನೋ ಇವೆ. ಆರ್ಥಿಕ ಸಂಹಿತೆ, ಖಜಾನೆ ಸಂಹಿತೆ, ಸಾದಿಲ್ವಾರು ವೆಚ್ಚದ ಕೈಪಿಡಿ, ಮೂರೂ 1958ರವು, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದವು. ಪುಸ್ತಕಗಳು ಬೀರುವಿನಲ್ಲಿರುತ್ತವೆ, ಬೀರುವಿನ ಕೀಲಿಕೈ ವರ್ಗವಾಗಿ ಹೋದವರ ಜೇಬಿನಲ್ಲಿರುತ್ತದೆ. ಹಾಗಾಗಿ ದ್ವಿತೀಯ ದರ್ಜೆ ಸಹಾಯಕರಾಗಿ ಹೊಸದಾಗಿ ಬಂದವರು ಕೆಲಸ ಕಲಿಯುವುದು ಪಕ್ಕದ ಮೇಜಿನಿಂದ. ಪಕ್ಕದ ಮೇಜು ಕಲಿತದ್ದು ಅದರ ಪಕ್ಕದ ಮೇಜಿನಿಂದ. ನಾನೂ ಇಪ್ಪತ್ತಾರು ವರ್ಷ ಅಂಥದೊಂದು ಮೇಜಾಗಿದ್ದೆ. ಈಗ ನಿವೃತ್ತನಾಗಿರುವುದರಿಂದ, ಕೇಳುವವರಿಲ್ಲದಿದ್ದರೂ ಹೇಳುವ ಅಧಿಕಾರ ನನಗೆ ಪ್ರಾಪ್ತವಾಗಿದೆ.

ಅಭ್ಯಾಸಕ್ಕೆ ಒಂದೇ ಬಿಲ್ಲು ಸಾಕು. ಮಲೆನಾಡಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಮಂಗಳೂರು ಹಂಚಿನ ಮಾಡು. ಐದನೇ ತರಗತಿಯ ಮೇಲೆ ರೀಪಿಗೆ ಗೆದ್ದಲು ಹಿಡಿದು, ಹಂಚು ಜಾರಿ ಒಡೆದು, ಮಕ್ಕಳು ಮಗ್ಗಿ ಹೇಳುವುದನ್ನು ಬಿಟ್ಟು ಹನಿ ಎಣಿಸುವಂತಾಗಿತ್ತು. ಹಂಚಿನ ಕೆಲಸದವರೊಬ್ಬರು ಮೂರು ದಿನ ಮಾಡಿನ ಮೇಲೆ ಕೂತು ರೀಪು ಬದಲಿಸಿದರು, ಹೊಸ ಹಂಚು ಹೊದಿಸಿದರು. ಸಾಮಾನು, ಸಾಗಾಟ, ಕೂಲಿ ಎಲ್ಲ ಸೇರಿ 18,640 ರೂಪಾಯಿ. ಕೆಲಸ ನಡೆದದ್ದು ಜುಲೈಯಲ್ಲಿ. ಖಜಾನೆ-2 ಎಂಬ ಗಣಕ ವ್ಯವಸ್ಥೆ ಬರುವುದಕ್ಕೆ ಸ್ವಲ್ಪ ಮೊದಲು, ಹಣವೆಂದರೆ ಕಾಗದದ ಚೆಕ್ಕೇ ಆಗಿದ್ದ ಕೊನೆಯ ವರ್ಷಗಳ ಮಾತು.

ಬಳಕೆದಾರ ಯಾರು?

ಸರ್ಕಾರಿ ಹಣ ಖರ್ಚು ಮಾಡುವವನು ಹೇಗಿರಬೇಕೆಂದು ಆರ್ಥಿಕ ಸಂಹಿತೆಯಲ್ಲಿ ಒಂದು ಮಾತಿದೆ. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ಹಣ ಖರ್ಚು ಮಾಡುವಾಗ ಎಷ್ಟು ಎಚ್ಚರ ವಹಿಸುತ್ತಾನೋ ಅಷ್ಟೇ ಎಚ್ಚರವನ್ನು ಅಧಿಕಾರಿ ವಹಿಸಬೇಕು ಎಂಬುದು ಅದರ ಸಾರ. ಕೇಂದ್ರ ಸರ್ಕಾರದ ನಿಯಮಗಳಲ್ಲೂ ಇದೇ ಇದೆ. ಅಸಾಮಾನ್ಯ ಬುದ್ಧಿ ಬೇಡ, ಲೆಕ್ಕಶಾಸ್ತ್ರದ ಪದವಿ ಬೇಡ. ಸಾಮಾನ್ಯ ವಿವೇಕ ಸಾಕು. ಈ ಮನುಷ್ಯನನ್ನು ಗುರುತಿಟ್ಟುಕೊಳ್ಳಿ. ಮುಂದೆ ಒಂದೊಂದು ಮೇಜಿನಲ್ಲೂ ಅವನನ್ನು ಹುಡುಕುವ ಕೆಲಸ ಬರುತ್ತದೆ.

ನನಗೆ ಈ ಸಾಲು ಓದಿದಾಗಲೆಲ್ಲ ನೆನಪಾಗುವುದು ಅಮ್ಮ. ನಮ್ಮ ಮನೆಯ ಮಾಡು ರಿಪೇರಿಯಾದಾಗ ಅವಳು ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದಳು. "ಮೂಲೆಯದು ಸರಿ ಕೂತಿಲ್ಲ ಮಾರಾಯ" ಎಂದು ಕೂಗುತ್ತಿದ್ದಳು. ಆಮೇಲೆ ಒಂದು ಕೊಡಪಾನ ನೀರನ್ನು ಮೇಲಕ್ಕೆ ಕಳಿಸಿ, ಸುರಿಸಿ, ತಾನು ಒಳಗೆ ಬಂದು ಅಟ್ಟದ ಕೆಳಗೆ ನಿಲ್ಲುತ್ತಿದ್ದಳು. ಸಾಸಿವೆ ಡಬ್ಬಿಯಿಂದ ದುಡ್ಡು ತೆಗೆದು ಎಣಿಸಿ ಕೊಡುವಾಗಲೂ ನೂರು ರೂಪಾಯಿ ಹಿಡಿದುಕೊಂಡು, "ಇದು ಮೊದಲ ಮಳೆ ಕಳೆದ ಮೇಲೆ" ಎನ್ನುತ್ತಿದ್ದಳು. ಲೋಕೋಪಯೋಗಿ ಇಲಾಖೆಯವರು ಇದಕ್ಕೆ ಭದ್ರತಾ ಠೇವಣಿ, ದೋಷ ಹೊಣೆಗಾರಿಕೆ ಅವಧಿ ಎಂದು ಹೆಸರಿಟ್ಟಿದ್ದಾರೆ. ಅಮ್ಮನ ಬಳಿ ರಿಜಿಸ್ಟರ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಬೇಕಾಗುವ ಸಾಮಗ್ರಿಗಳು

ಕಾರ್ಬನ್ ಹಾಳೆ, ಟ್ಯಾಗು, ಗುಂಡುಪಿನ್ನು, ಕೆಂಪು ಮಸಿ (ತಿದ್ದುವವರಿಗೆ), ಹಸಿರು ಮಸಿ (ಮೇಲಿನವರಿಗೆ), ಕಚೇರಿಯ ದುಂಡು ಮೊಹರು, ಮೊಹರಿಗೆ ಪ್ಯಾಡು, ಒಣಗಿದ ಪ್ಯಾಡಿಗೆ ಎರಡು ಹನಿ ನೀರು. ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪು. 5,000 ರೂಪಾಯಿ ಮೀರಿದ ರಸೀದಿಗೆ ಇದು ಕಡ್ಡಾಯ, ಕಚೇರಿಯಲ್ಲಿ ಮಾತ್ರ ಎಂದೂ ಇರುವುದಿಲ್ಲ. ಲಕ್ಷಾಂತರ ರೂಪಾಯಿಯ ಪಾವತಿ ಒಂದು ರೂಪಾಯಿಯ ಸ್ಟಾಂಪಿಗಾಗಿ ಅಂಚೆ ಕಚೇರಿ ಮುಚ್ಚಿದ ಶನಿವಾರ ಮಧ್ಯಾಹ್ನ ನಿಂತುಹೋದದ್ದನ್ನು ಕಂಡಿದ್ದೇನೆ.

ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಲೆಕ್ಕ ಶೀರ್ಷಿಕೆ. ರಾಜ್ಯದ ಸಂಚಿತ ನಿಧಿಯಿಂದ ಶಾಸನಸಭೆಯ ಒಪ್ಪಿಗೆಯಿಲ್ಲದೆ ಬಿಡಿಗಾಸೂ ಹೊರಗೆ ಬರುವಂತಿಲ್ಲ ಎನ್ನುತ್ತದೆ ಸಂವಿಧಾನದ 266ನೇ ವಿಧಿ. ಆ ಒಪ್ಪಿಗೆ ನಿಮ್ಮ ಬಿಲ್ಲಿನವರೆಗೆ ಹರಿದು ಬರುವುದು ಅಂಕಿಗಳ ಕಾಲುವೆಯಲ್ಲಿ. ಮೊದಲ ನಾಲ್ಕು ಅಂಕಿ ಮುಖ್ಯ ಶೀರ್ಷಿಕೆ. 2202 ಎಂದರೆ ಸಾಮಾನ್ಯ ಶಿಕ್ಷಣ. ಕೊನೆಯ ಅಂಕಿ ಒಂದು ಹೆಚ್ಚಾದರೆ ನಿಮ್ಮ ಶಾಲೆಯ ಹಂಚು ತಾಂತ್ರಿಕ ಶಿಕ್ಷಣಕ್ಕೆ ಹೋಗುತ್ತದೆ. ಎರಡು ಹೆಚ್ಚಾದರೆ ಕ್ರೀಡೆ ಮತ್ತು ಯುವಜನ ಸೇವೆಗೆ. 2205 ಎಂದು ಬರೆದಿರೋ, ಅದು ಕಲೆ ಮತ್ತು ಸಂಸ್ಕೃತಿ. ಐದನೇ ತರಗತಿ ಸೋರುತ್ತಲೇ ಇರುತ್ತದೆ, ಲೆಕ್ಕದಲ್ಲಿ ಮಾತ್ರ ಸಂಸ್ಕೃತಿಯ ಮಾಡು ಭದ್ರ.

ಪರಿಶೀಲಿಸುವ ವಿಧಾನ

ಇದು ಕೈಪಿಡಿಯ ಮುಖ್ಯ ಭಾಗ. ಇಲ್ಲಿ ಅವಸರ ಬೇಡ.

ಮೊದಲು ಮುಖ್ಯೋಪಾಧ್ಯಾಯಿನಿ ಬಿಲ್ಲಿನ ಹಿಂದೆ "ಕೆಲಸ ತೃಪ್ತಿಕರವಾಗಿ ಮುಗಿದಿದೆ" ಎಂದು ಬರೆದು ರುಜು ಮಾಡುತ್ತಾರೆ. ಹಂಚುಗಳ ಸಂಖ್ಯೆಯನ್ನು ದಾಸ್ತಾನು ವಹಿಯಲ್ಲಿ ಜಮಾ ತೋರಿಸಿ, ಅದೇ ದಿನ ಖರ್ಚೂ ತೋರಿಸಿ, ಪುಟದ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಬೇಕು. ಒಡೆದ ಹಂಚುಗಳೇನಾದವು ಎಂದು ಮುಂದೊಂದು ದಿನ ಲೆಕ್ಕ ತಪಾಸಣೆಯವರು ಕೇಳುತ್ತಾರೆ. ಅನುಪಯುಕ್ತ ವಸ್ತುಗಳ ಹರಾಜು ನಡೆಸಿದ ದಾಖಲೆ ಇಟ್ಟುಕೊಳ್ಳಿ. ಒಡೆದ ಹಂಚನ್ನು ಹರಾಜಿನಲ್ಲಿ ಕೂಗುವವರು ಯಾರು ಎಂದು ನನ್ನನ್ನು ಕೇಳಬೇಡಿ.

ಬಳಿಕ ಕಿರಿಯ ಇಂಜಿನಿಯರು ಅಳತೆ ಪುಸ್ತಕದಲ್ಲಿ ಉದ್ದ, ಅಗಲ ಬರೆಯುತ್ತಾರೆ. ಎಂ.ಬಿ. ಎಂದರೆ ಎಲ್ಲರಿಗೂ ತಿಳಿಯುವ ಈ ಪುಸ್ತಕ ಕಾಮಗಾರಿ ಲೋಕದ ಜಾತಕ. ಇದರಲ್ಲಿ ಬರೆದದ್ದು ಭೂಮಿಯ ಮೇಲೆ ಇದೆ ಎಂದೇ ಅರ್ಥ. ನಮ್ಮ ಇಂಜಿನಿಯರು ಬಂದದ್ದು ನವೆಂಬರಿನ ಒಂದು ಬಿಸಿಲಿನ ಮಧ್ಯಾಹ್ನ. ಆ ಹೊತ್ತಿಗೆ ಮಲೆನಾಡಿನಲ್ಲಿ ಯಾವ ಮಾಡೂ ಸೋರುವುದಿಲ್ಲ. ಅವರ ಮೇಲಿನವರು ಅಳತೆಯನ್ನು ಮರುತಪಾಸಣೆ ಮಾಡಿ ರುಜು ಹಾಕಿದರು.

ಅಲ್ಲಿಂದ ಕಡತ ನನ್ನ ಮೇಜಿಗೆ ಬಂತು. ವಿಷಯ ನಿರ್ವಾಹಕನಾದ ನಾನು ನೋಡಬೇಕಾದದ್ದು ಏನನ್ನು? ಹಂಚನ್ನಲ್ಲ. ಅಳತೆ ಪುಸ್ತಕದಲ್ಲಿ ಇಂಜಿನಿಯರ ರುಜು ಇದೆಯೇ ಎಂಬುದನ್ನು. ಇತ್ತು. ನಾನು ಮೂಲೆಯಲ್ಲಿ ಕಿರುರುಜು ಹಾಕಿದೆ. ಅಧೀಕ್ಷಕರು ನನ್ನ ಕಿರುರುಜು ಇದೆಯೇ ನೋಡಿದರು, ತಮ್ಮದನ್ನು ಹಾಕಿದರು. ಸಾಹೇಬರು ಅಧೀಕ್ಷಕರ ಕಿರುರುಜು ಇರುವ ಕಡೆ ಹೆಬ್ಬೆರಳಿಟ್ಟು, ಅದರ ಕೆಳಗೆ ಹಸಿರು ಮಸಿಯಲ್ಲಿ ಪೂರ್ತಿ ರುಜು ಮಾಡಿದರು. "ಈ ಮೊತ್ತವನ್ನು ಹಿಂದೆ ಸೆಳೆದಿರುವುದಿಲ್ಲ" ಎಂಬ ಪ್ರಮಾಣಪತ್ರ ರಬ್ಬರ್ ಸ್ಟಾಂಪಿನಲ್ಲೇ ಇತ್ತು. ಬಿಲ್ಲು ಉಪಖಜಾನೆಗೆ ಹೋಯಿತು, ಟೋಕನ್ ಬಂತು. ಅಲ್ಲಿನ ಗುಮಾಸ್ತರು ನಮ್ಮ ಸಾಹೇಬರ ರುಜುವನ್ನು ತಮ್ಮಲ್ಲಿರುವ ಮಾದರಿ ರುಜುವಿನ ಪಕ್ಕ ಇಟ್ಟು ನೋಡಿದರು. ಲೆಕ್ಕಿಗರು ಗುಮಾಸ್ತರ ರುಜು ನೋಡಿದರು. ಖಜಾನೆ ಅಧಿಕಾರಿ ಲೆಕ್ಕಿಗರದು ನೋಡಿದರು. ಮುಂದೆ ಬ್ಯಾಂಕಿನವರು ನೋಡುವುದು ಖಜಾನೆ ಅಧಿಕಾರಿಯ ರುಜುವನ್ನು. ಕಟ್ಟಕಡೆಗೆ ಬೆಂಗಳೂರಿನ ಮಹಾಲೇಖಪಾಲರ ಕಚೇರಿಯವರು ವೋಚರಿನಲ್ಲಿ ಇವೆಲ್ಲವೂ ಇವೆಯೇ ಎಂದು ನೋಡುತ್ತಾರೆ.

ಹಂಚು ಹೊದಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಅರ್ಥವಾಗುತ್ತದೆ. ಅಂಚಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಮೇಲಿನ ಹಂಚಿನ ತುದಿ ಕೆಳಗಿನ ಹಂಚಿನ ನೆತ್ತಿಯ ಮೇಲೆ ಕೂರುತ್ತದೆ. ಅಂಗಳದಿಂದ ನೋಡಿದರೆ ಸಾಲು ಸಾಲಾಗಿ ಎಂಥ ಚೆಂದ. ಒಂದರ ಮೇಲೊಂದು ಒರಗಿದ ಅಷ್ಟೂ ಹಂಚಿನ ಭಾರ ಹೊತ್ತದ್ದು ಮಾತ್ರ ಕಣ್ಣಿಗೆ ಕಾಣದ ರೀಪು. ಕಚೇರಿಯಲ್ಲಿ ಆ ರೀಪು ಎಂದರೆ ಮೊಟ್ಟಮೊದಲ ರುಜು. ಅದನ್ನು ಮಾಡಿದವರು ನಿಜಕ್ಕೂ ಕತ್ತೆತ್ತಿ ನೋಡಿದ್ದರೇ? ನಮ್ಮ ಬಿಲ್ಲಿನ ಮಟ್ಟಿಗೆ ಮುಖ್ಯೋಪಾಧ್ಯಾಯಿನಿ ನೋಡಿದ್ದರು. ಅವರ ಮೇಜು ಆ ಸೋರುವ ಕೋಣೆಯಲ್ಲೇ ಇತ್ತು. ಉಳಿದ ನಾವು ಎಂಟು ಮಂದಿ ಅವರ ನೆತ್ತಿಯ ಮೇಲೆ ಕೂತಿದ್ದೆವು.

ರೀಪಿಗೆ ಗೆದ್ದಲು ಹಿಡಿದರೆ ಏನಾಗುತ್ತದೆಂದು ತಿಳಿಯಲು ಬಿಹಾರಕ್ಕೆ ಹೋಗಬೇಕು. 1996ರ ಜನವರಿಯಲ್ಲಿ, ಆಗ ಬಿಹಾರದಲ್ಲಿದ್ದ ಚಾಯಿಬಾಸಾದ ಪಶುಸಂಗೋಪನೆ ಕಚೇರಿಗಳ ಮೇಲೆ ದಾಳಿ ನಡೆದಾಗ ಬಯಲಾದ ಮೇವಿನ ಹಗರಣದಲ್ಲಿ ಖಜಾನೆಗಳಿಗೆ ಹೋಗಿದ್ದ ಬಿಲ್ಲುಗಳಿಗೆ ಕಾಗದದ ಕೊರತೆಯೇನೂ ಇರಲಿಲ್ಲ. ವೋಚರು ಇತ್ತು, ರುಜು ಇತ್ತು, ದನ ಸಾಗಿಸಿದ ಲಾರಿಗಳ ನೋಂದಣಿ ಸಂಖ್ಯೆ ಕೂಡ ಇತ್ತು. ಆ ಸಂಖ್ಯೆಗಳಲ್ಲಿ ಕೆಲವು ಸ್ಕೂಟರಿನವು ಎಂದು ಲೆಕ್ಕಪರಿಶೋಧಕರು ಕಂಡುಹಿಡಿದರು. ಎಮ್ಮೆಯೊಂದು ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಹೋಗುವುದನ್ನು ಯಾವ ಮೇಜೂ ಮನಸ್ಸಿನಲ್ಲಿ ಚಿತ್ರಿಸಿಕೊಂಡಿರಲಿಲ್ಲ. ಹೀಗೆ ಸೋರಿಹೋದದ್ದು ಸುಮಾರು 950 ಕೋಟಿ ರೂಪಾಯಿ.

ಎಚ್ಚರಿಕೆ: ಹಂತಗಳನ್ನು ಬಿಡಬೇಡಿ

ಇಷ್ಟೆಲ್ಲ ರುಜು ಯಾಕೆ, ಒಂದು ಫೋನ್ ಮಾಡಿದರೆ ಆಗದೇ ಎಂದು ಪ್ರತಿ ಹೊಸ ಅಧಿಕಾರಿಯೂ ಕೇಳುತ್ತಾರೆ. ಅವರಿಗೆ 1971ರ ಮೇ 24ರ ಕತೆ ಹೇಳಿ. ದೆಹಲಿಯ ಸ್ಟೇಟ್ ಬ್ಯಾಂಕಿನ ಪಾರ್ಲಿಮೆಂಟ್ ಸ್ಟ್ರೀಟ್ ಶಾಖೆಯ ಮುಖ್ಯ ಕ್ಯಾಷಿಯರ್ ವೇದ್ ಪ್ರಕಾಶ್ ಮಲ್ಹೋತ್ರಾ ಅವರಿಗೆ ಫೋನ್ ಬಂತು. ಪ್ರಧಾನಿ ಕಚೇರಿಯಿಂದ ಎಂದಿತು ದನಿ. ಆಮೇಲೆ ಪ್ರಧಾನಿಯೇ ಮಾತನಾಡುತ್ತಿದ್ದಾರೆ ಅನ್ನಿಸಿತು. ಬಾಂಗ್ಲಾದೇಶದ ಗುಟ್ಟಿನ ಕೆಲಸಕ್ಕೆ ತುರ್ತಾಗಿ 60 ಲಕ್ಷ ರೂಪಾಯಿ ಬೇಕು ಎಂದಾಯಿತು. ಅವರು ಹಣವನ್ನು ಪೆಟ್ಟಿಗೆಯಲ್ಲಿ ತುಂಬಿ ಕಾರಿನಲ್ಲಿ ಒಯ್ದು, ಗುಪ್ತ ಸಂಕೇತದ ಮಾತು ಹೇಳಿದ ರುಸ್ತುಂ ಸೊಹ್ರಾಬ್ ನಗರ್‌ವಾಲಾ ಎಂಬ ನಿವೃತ್ತ ಸೇನಾಧಿಕಾರಿಗೆ ಒಪ್ಪಿಸಿದರು. ಆಮೇಲೆ ರಸೀದಿ ಕೇಳಲು ಪ್ರಧಾನಿ ನಿವಾಸಕ್ಕೆ ಹೋದರು. ಅಲ್ಲಿ ಯಾರೂ ಫೋನ್ ಮಾಡಿರಲಿಲ್ಲ. ಅದೇ ದಿನ ನಗರ್‌ವಾಲಾ ಸಿಕ್ಕಿಬಿದ್ದರು, ಹಣದ ಬಹುಪಾಲು ವಾಪಸು ಬಂತು; ಆದರೆ ಆ ಪ್ರಕರಣದ ಸುತ್ತಲಿನ ಗುಮಾನಿ ಇವತ್ತಿಗೂ ಮುಗಿದಿಲ್ಲ.

ಗುಮಾಸ್ತನಾಗಿ ನನ್ನ ಗಮನ ಹೋಗುವುದು ಒಂದೇ ಸಂಗತಿಯ ಕಡೆ. ಮಲ್ಹೋತ್ರಾ ರಸೀದಿ ಕೇಳಲು ಹೋದರು. ವೃತ್ತಿಯ ಅಭ್ಯಾಸ ಅವರನ್ನು ಪೂರ್ತಿ ಬಿಟ್ಟಿರಲಿಲ್ಲ. ಚೆಕ್ಕು ಮೊದಲು, ಹಣ ಆಮೇಲೆ, ರಸೀದಿ ಕೊನೆಗೆ ಎಂಬ ಮೂರರಲ್ಲಿ ಮೊದಲನೆಯದನ್ನು ಬಿಟ್ಟು ಮೂರನೆಯದನ್ನು ನೆನಪಿಟ್ಟುಕೊಂಡಿದ್ದರು.

ಆಕ್ಷೇಪಣೆ

ಬಿಲ್ಲು ಮೊದಲ ಸಲ ಪಾಸಾದರೆ ಅನುಮಾನಪಡಿ. ಎಲ್ಲ ಆಕ್ಷೇಪಣೆಗಳನ್ನೂ ಒಂದೇ ಬಾರಿಗೆ ಎತ್ತಬೇಕೆಂದು ಸುತ್ತೋಲೆಗಳಿವೆ. ರೂಢಿಯಲ್ಲಿ ಮಾತ್ರ ಒಂದು ಸಲಕ್ಕೆ ಒಂದೇ. ನಮ್ಮ ಬಿಲ್ಲು ಮೂರು ಸಲ ಮರಳಿ ಬಂತು.

ಮೊದಲನೆಯದು ಮೂರು ದರಪಟ್ಟಿಗಳ ಕುರಿತು. ನಿಯಮದಂತೆ ಮೂರು ಕೊಟೇಷನ್ ಇದ್ದವು. ಮೂರು ಬೇರೆ ಬೇರೆ ಶಿರೋನಾಮೆಯ ಹಾಳೆ, ಮೂರು ಬೇರೆ ದರ. ಆದರೆ ಮೂರರಲ್ಲೂ "ಅಂಚು ರಿಪೇರಿ" ಎಂದು ಬರೆದಿತ್ತು. ಹಕಾರ ನುಂಗುವ ನಾಲಗೆ ನಮ್ಮ ಕಡೆ ಹೊಸತಲ್ಲ, ಆದರೆ ಮೂರು ಅಂಗಡಿಯವರೂ ಒಟ್ಟಿಗೆ ನುಂಗುವುದು ಅಪರೂಪ. ಖಜಾನೆಯ ಗುಮಾಸ್ತರು ಇದರಲ್ಲಿ ಹಿಡಿಯಬೇಕಾದದ್ದು ಒಂದೇ ಕೈಬರಹವನ್ನು. ಅವರು ಹಿಡಿದದ್ದು ಬೇರೆ: "ಅಂಚು ರಿಪೇರಿಗೆ ಸದರಿ ಲೆಕ್ಕ ಶೀರ್ಷಿಕೆಯಲ್ಲಿ ಅನುದಾನ ಹಂಚಿಕೆ ಇರುವುದಿಲ್ಲ." ನಾನು ಉತ್ತರ ಬರೆದೆ: "ಅಂಚು ಎಂಬುದನ್ನು ಹಂಚು ಎಂದು ಓದಿಕೊಳ್ಳತಕ್ಕದ್ದು. ಹಂಚಿಗೆ ಹಂಚಿಕೆ ಇದೆ." ಸರ್ಕಾರಿ ಸೇವೆಯಲ್ಲಿ ನಾನು ಬರೆದ ವಾಕ್ಯಗಳಲ್ಲಿ ಪ್ರಾಸ ಕೂಡಿಬಂದದ್ದು ಅದೊಂದೇ.

ಎರಡನೆಯದು, ಕೋನದಲ್ಲಿ ಮೊಹರು ಅಸ್ಪಷ್ಟ. ಪ್ಯಾಡಿಗೆ ನೀರು ಹೆಚ್ಚಾಗಿತ್ತು. ಮೂರನೆಯ ಆಕ್ಷೇಪಣೆ ಏನಿತ್ತೆಂದು ಮರೆತಿದ್ದೇನೆ. ಅದನ್ನು ಎತ್ತಿದವರೂ ಮರೆತಿದ್ದರು, ಮರುಸಲ್ಲಿಸಿದಾಗ ಹಾಗೇ ಪಾಸು ಮಾಡಿದರು.

ಚೆಕ್ಕು ಬರೆಯುವುದು

ಚೆಕ್ ಪುಸ್ತಕ ಬಂದ ದಿನವೇ ಹಾಳೆಗಳನ್ನು ಎಣಿಸಿ, ಎಣಿಸಿದ್ದೇನೆಂದು ಅದರ ಮೇಲೆಯೇ ಬರೆದು ರುಜು ಮಾಡಬೇಕು. ಪುಸ್ತಕ ಅಧಿಕಾರಿಯ ಸ್ವಂತ ಸುಪರ್ದಿನಲ್ಲಿ ಬೀಗದೊಳಗಿರಬೇಕು. ಇದು ಒಳ್ಳೆಯ ನಿಯಮ, ಪಾಲಿಸಿ.

ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು. ಎರಡೂ ಬೇರೆಯಾದರೆ ಅಕ್ಷರದ್ದೇ ಗೆಲುವು ಎನ್ನುತ್ತದೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ. ಅಕ್ಷರಕ್ಕೆ ಈ ದೇಶದಲ್ಲಿ ಸಿಕ್ಕಿರುವ ದೊಡ್ಡ ಮರ್ಯಾದೆ ಇದು. ಯಾವ ಅಕಾಡೆಮಿಯೂ ಇಷ್ಟು ಕೊಟ್ಟಿಲ್ಲ. ಕೌಂಟರಿನಲ್ಲಿ ಮಾತ್ರ ಅಕ್ಷರಕ್ಕೂ ಸೋಲು ಅಂಕಿಗೂ ಸೋಲು. "ಅಂಕಿ ಅಕ್ಷರ ತಾಳೆಯಿಲ್ಲ" ಎಂದು ಚೀಟಿ ಅಂಟಿಸಿ ಚೆಕ್ಕನ್ನೇ ಹಿಂದಕ್ಕೆ ಕೊಡುತ್ತಾರೆ. ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ. ಆಯಾ ಪ್ರಾಂತದ ಭಾಷೆಯಲ್ಲಿ ಚೆಕ್ಕು ಬರೆಯಬಹುದೆಂದು ರಿಸರ್ವ್ ಬ್ಯಾಂಕೇ ಹೇಳಿದೆ.

ಕೊನೆಯಲ್ಲಿ "ಮಾತ್ರ" ಬರೆಯುವುದನ್ನು ಮರೆಯಬೇಡಿ. ಮುಂದೆ ಯಾರೂ ಏನೂ ಸೇರಿಸದಿರಲಿ ಎಂದು ಹಾಕುವ ಬೇಲಿ ಅದು. ಆದರೂ ನಾಲ್ಕು ಕೋಟಿ ಹನ್ನೆರಡು ಲಕ್ಷ ಎಂದು ಬರೆದು ಅದರ ಮುಂದೆ "ಮಾತ್ರ" ಎಂದು ಹಾಕುವಾಗ, ತಿಂಗಳ ಕೊನೆಯಲ್ಲಿ ಹಾಲಿನವನಿಗೆ ಬಾಕಿ ಹೇಳಿ ಬಂದ ಗುಮಾಸ್ತನ ಕೈ ಕ್ಷಣಹೊತ್ತು ತಡೆಯುತ್ತದೆ.

ಬೇಲಿಯ ಆಚೆಗೆ ಇನ್ನೊಂದು ಬೇಲಿ. ಹಳೆಯ ಖಜಾನೆ ನಿಯಮಗಳ ಪ್ರಕಾರ ಚೆಕ್ಕಿನ ಮೇಲೆ ಅಡ್ಡವಾಗಿ, ಮೊತ್ತಕ್ಕಿಂತ ಸ್ವಲ್ಪ ಹೆಚ್ಚಿನ ಮೊತ್ತವೊಂದನ್ನು ಬರೆದು, "ಇದರೊಳಗೆ" ಎಂದು ಸೂಚಿಸಬೇಕು. ನಿಯಮವೇ ಕೊಡುವ ಉದಾಹರಣೆ ಚೆಂದ: "ಮೂವತ್ತು ರೂಪಾಯಿಗೆ ಒಳಗೆ" ಎಂದಿದ್ದರೆ ಚೆಕ್ಕು ಇಪ್ಪತ್ತಕ್ಕಿಂತ ಕಡಿಮೆಯದ್ದಲ್ಲ, ಮೂವತ್ತಕ್ಕಿಂತ ಕಡಿಮೆಯದ್ದು ಎಂದು ತಿಳಿಯಬೇಕು. ನಗಬೇಡಿ. ಇಂಥ ಒಂದೊಂದು ನಿಯಮದ ಹಿಂದೆಯೂ, ಎಲ್ಲೋ ಒಂದು ಲಾಟೀನಿನ ಬೆಳಕಿನಲ್ಲಿ ಎರಡನ್ನು ಮೂರು ಮಾಡಿ ಸಿಕ್ಕಿಬಿದ್ದ ಒಬ್ಬ ಪುಣ್ಯಾತ್ಮ ಇರಲೇಬೇಕು ಎಂಬುದು ನನ್ನ ನಂಬಿಕೆ. ನಿಯಮ ಪುಸ್ತಕಗಳನ್ನು ಬರೆದವರು ಅಧಿಕಾರಿಗಳಲ್ಲ, ಕಳ್ಳರು; ಅಧಿಕಾರಿಗಳು ನಕಲು ತೆಗೆದುಕೊಂಡರು. ನಮ್ಮ ಚೆಕ್ಕಿನ ಮೇಲೂ ಸೊಟ್ಟಗೆ ಬರೆದೆವು: ಹದಿನೆಂಟು ಸಾವಿರದ ಏಳುನೂರು ರೂಪಾಯಿಗೆ ಒಳಗೆ. ಹಂಚಿನವರು ಮುಂದೆ ಅದನ್ನು ಓದಿ, "ಇನ್ನು ಅರವತ್ತು ರೂಪಾಯಿ ಬರಲಿಕ್ಕಿದೆಯಾ ಸಾರ್?" ಎಂದು ಕೇಳಿದರು.

ತಿದ್ದುವಂತಿಲ್ಲ. ಹಿಂದೆ ತಪ್ಪನ್ನು ಹೊಡೆದುಹಾಕಿ, ಸರಿಯಾದದ್ದನ್ನು ಮೇಲೆ ಬರೆದು, ಪೂರ್ತಿ ರುಜು ಮಾಡಿದರೆ ನಡೆಯುತ್ತಿತ್ತು. ಚೆಕ್ಕಿನ ಚಿತ್ರವನ್ನು ಮಾತ್ರ ಕಳಿಸುವ ಸಿ.ಟಿ.ಎಸ್. ಪದ್ಧತಿಯಲ್ಲಿ 2010ರ ಡಿಸೆಂಬರಿನಿಂದ ಹೆಸರು, ಮೊತ್ತ ತಿದ್ದಿದ ಚೆಕ್ಕು ನಡೆಯದು. ಹೊಸ ಹಾಳೆಯೇ ಬೇಕು. ವಿಚಿತ್ರವೆಂದರೆ ನಾವು ಫೈಲಿಗೆ ಬಳಸುವ "ಕಡತ" ಎಂಬ ಮಾತಿನ ಹುಟ್ಟು. ಹಿಂದಿನವರ ಕಡತ ಎಂದರೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿದ, ಮಡಿಸಿಡಬಹುದಾದ ಬಟ್ಟೆಯ ಪುಸ್ತಕ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ರಾಶಿ ಇವೆ. ಒರೆಸಿದರೆ ಹೋಗುವ ಲೆಕ್ಕವನ್ನು ನೂರಾರು ವರ್ಷ ನಂಬಿ ಬಾಳಿದವರು, ಒಂದು ಸೊನ್ನೆ ಅಳಿಸಿದ ಗುರುತಿಗೆ ಈಗ ಹೊಸ ಹಾಳೆ ಹರಿಯುತ್ತಿದ್ದೇವೆ.

ಮಾರ್ಚ್ 31

ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ. ಮಾರ್ಚ್ 31ರ ರಾತ್ರಿ ಅನುದಾನ ಆವಿಯಾಗುತ್ತದೆ. ಇದಕ್ಕೆ ಲ್ಯಾಪ್ಸ್ ಎಂದು ಹೆಸರು. ಹತ್ತು ತಿಂಗಳು ಕದಲದ ಕಡತಗಳು ಆ ವಾರ ಕೈಕಾಲು ಬಂದವರಂತೆ ಓಡಾಡುತ್ತವೆ. ಖಜಾನೆಯ ಹೊರಗೆ ಬೈಕುಗಳ ಸಾಲು, ಒಳಗೆ ಟೋಕನ್ ಕೂಗುವ ಗದ್ದಲ, ಮೂಲೆಯಲ್ಲಿ ಪಾತ್ರೆ ತುಂಬ ಚಿತ್ರಾನ್ನ. ಆ ರಾತ್ರಿ ಅಧಿಕಾರಿಗಳ ರುಜು ಸಂಜೆ ಆರಕ್ಕೆ ಒಂದು ಹೆಸರು, ಹತ್ತಕ್ಕೆ ಅದರ ಮೊದಲಕ್ಷರ, ಮಧ್ಯರಾತ್ರಿಗೆ ಒಂದು ಗೆರೆ. ಏಪ್ರಿಲ್ ಮೊದಲ ವಾರ ಬ್ಯಾಂಕಿನವರು "ಮಾದರಿ ರುಜುವಿನೊಂದಿಗೆ ಹೋಲುವುದಿಲ್ಲ" ಎಂದು ವಾಪಸು ಮಾಡುವ ಚೆಕ್ಕುಗಳಲ್ಲಿ ಖೋಟಾ ಯಾವುದೂ ಇರುವುದಿಲ್ಲ, ಎಲ್ಲವೂ ನಿದ್ದೆಗೆಟ್ಟವು.

ನಮ್ಮ ಹಂಚಿನ ಚೆಕ್ಕೂ ಅದೇ ರಾತ್ರಿ ಹುಟ್ಟಿತು. ಹುಟ್ಟಿದ ಕೂಡಲೇ ಲೆಕ್ಕದಲ್ಲಿ ಒಂದು ಚಮತ್ಕಾರ ನಡೆಯುತ್ತದೆ. ಚೆಕ್ಕು ಬರೆದರೆ ಸರ್ಕಾರದ ಮಟ್ಟಿಗೆ ಹಣ ಖರ್ಚಾದಂತೆ. ಆದರೆ ಯಾರೂ ನಗದಾಗಿಸಿಲ್ಲ. ಹಾಗಾದರೆ ಹಣ ಎಲ್ಲಿ? 8670ರಲ್ಲಿ. "ಚೆಕ್ಕುಗಳು ಮತ್ತು ಬಿಲ್ಲುಗಳು" ಎಂಬ ಈ ಮುಖ್ಯ ಶೀರ್ಷಿಕೆ ಲೆಕ್ಕಶಾಸ್ತ್ರದ ತ್ರಿಶಂಕು ಸ್ವರ್ಗ. ಕೊಟ್ಟಾಗಿದೆ, ಮುಟ್ಟಿಲ್ಲ. ಚೆಕ್ಕಿನ ಆಯುಸ್ಸು ಮೂರೇ ತಿಂಗಳು, 2012ರ ಏಪ್ರಿಲ್ಲಿಗೆ ಮೊದಲು ಆರಿತ್ತು. ಅದರೊಳಗೆ ಬ್ಯಾಂಕಿಗೆ ಹಾಕದಿದ್ದರೆ ಮರುಜನ್ಮಕ್ಕೆ ಅರ್ಜಿ ಹಾಕಬೇಕು.

ದೋಷ ನಿವಾರಣೆ

ಚೆಕ್ಕು ಕಳೆದುಹೋಗಿದೆ: ಮೊದಲು ಸಾಹೇಬರ ಟೇಬಲ್ಲಿನ ಗಾಜಿನ ಅಡಿ ನೋಡಿ.

ಹೆಸರಿನಲ್ಲಿ ಕಾಗುಣಿತ ತಪ್ಪಿದೆ: ಹಣ ಪಡೆಯುವವರು ಹೆಸರು ಬದಲಿಸಿಕೊಳ್ಳುವುದೇ ಬೇಗ.

ಅಧಿಕಾರಿ ರಜೆಯಲ್ಲಿದ್ದಾರೆ: ಪ್ರಭಾರ ಯಾರಿಗೆ ಎಂದು ವಿಚಾರಿಸಿ. ಪ್ರಭಾರದವರ ಮಾದರಿ ರುಜು ಬ್ಯಾಂಕಿಗೆ ಹೋಗಿದೆಯೇ ವಿಚಾರಿಸಿ. ಅದನ್ನು ಕಳಿಸುವ ಪತ್ರಕ್ಕೆ ರುಜು ಮಾಡಬೇಕಾದವರು ರಜೆಯಲ್ಲಿದ್ದಾರೆ ಎಂಬುದನ್ನು ಆಗ ತಿಳಿಯುವಿರಿ.

ಲೆಕ್ಕ ತಪಾಸಣೆಯವರು ಬಂದಿದ್ದಾರೆ: ಕುರ್ಚಿ ಹಾಕಿ, ಕಾಫಿ ತರಿಸಿ, ಕೇಳಿದ್ದಕ್ಕಷ್ಟೇ ಉತ್ತರಿಸಿ. ಕನ್ನಡ ನಾಡಿನಲ್ಲಿ ಕ್ಲೀನ್ ಚಿಟ್ ಸಿಕ್ಕ ಬಿಜ್ಜಳನ ಭಂಡಾರಿಯನ್ನು ನೆನೆದುಕೊಳ್ಳಿ. ಅರಮನೆಯ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಬಸವಣ್ಣನ ಮೇಲೆ ದೂರು ಹೋಗಿ, ಬಿಜ್ಜಳ ಭಂಡಾರ ತೆರೆಸಿ ಎಣಿಸಿದಾಗ ಒಂದು ಹೊನ್ನೂ ಕಡಿಮೆ ಇರಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಗಮನಿಸಿ, ಬಿಜ್ಜಳ ಎಣಿಸಿದ್ದು ಹೊನ್ನನ್ನು. ವೋಚರುಗಳನ್ನಲ್ಲ.

ಪರಿಷ್ಕೃತ ಆವೃತ್ತಿಯ ಬಗ್ಗೆ

ಈಗ ಇವಾವುವೂ ಇಲ್ಲ. ಖಜಾನೆ-2 ಬಂದು ಬಿಲ್ಲು ಪರದೆಯ ಮೇಲೇ ತಯಾರಾಗಿ, ರಿಸರ್ವ್ ಬ್ಯಾಂಕಿನ ಇ-ಕುಬೇರದ ಮೂಲಕ ಹಣ ನೇರ ಖಾತೆಗೆ ಹೋಗುತ್ತದೆ. ಕುಬೇರ ಎಂಬ ಹೆಸರಿಟ್ಟವರಿಗೆ ನಮಸ್ಕಾರ. ಅವನೂ ಕೊಡುವವನಲ್ಲ, ಕಾಯುವವನು. ಹಸಿರು ಮಸಿಯ ಜಾಗದಲ್ಲಿ ಡಿಜಿಟಲ್ ರುಜುವಿನ ಡೋಂಗಲ್ ಬಂದಿದೆ. ಹಳೆಯ ರುಜುವನ್ನು ಮಾಡಲು ಸಾಹೇಬರೇ ಇರಬೇಕಿತ್ತು, ಕೊನೆಯ ಪಕ್ಷ ಅವರ ಕೈ ಇರಬೇಕಿತ್ತು. ಡೋಂಗಲ್ ನಾನು ಕಂಡ ಹಲವು ಕಚೇರಿಗಳಲ್ಲಿ ಇರುವುದು ವಿಷಯ ನಿರ್ವಾಹಕರ ಮೇಜಿನ ಡ್ರಾಯರಿನಲ್ಲಿ, ಗುಂಡುಪಿನ್ನಿನ ಡಬ್ಬಿಯ ಪಕ್ಕ. ಪಾಸ್‌ವರ್ಡು ಡ್ರಾಯರಿನ ಒಳಮೈಗೆ ಅಂಟಿಸಿದ ಚೀಟಿಯಲ್ಲಿ. ಮಾದರಿಯೊಂದಿಗೆ ತಾಳೆಯಾಗುವುದಿಲ್ಲ ಎಂಬ ತಕರಾರಿಲ್ಲ. ಗೆದ್ದಲು ಪ್ಲಾಸ್ಟಿಕ್ ತಿನ್ನುವುದಿಲ್ಲ ಎಂದು ಎಲ್ಲರೂ ನೆಮ್ಮದಿಯಾಗಿದ್ದಾರೆ.

ವಿತರಣೆ

ಏಪ್ರಿಲ್ ಎರಡನೇ ವಾರ ಹಂಚಿನವರು ಕಚೇರಿಗೆ ಬಂದರು. ಅಷ್ಟರೊಳಗೆ ಹನ್ನೊಂದು ಸಲ ಬಂದುಹೋಗಿದ್ದರಿಂದ ಯಾವ ಬೆಂಚಿನ ಕಾಲು ಮುರಿದಿದೆ ಎಂದು ಅವರಿಗೆ ಗೊತ್ತಿತ್ತು. ನಾನು ಚೆಕ್ಕು ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು ಹೆಸರು ಓದಿದರು, ಸೊನ್ನೆ ಎಣಿಸಿದರು, ಅರವತ್ತು ರೂಪಾಯಿಯ ಆ ಪ್ರಶ್ನೆ ಕೇಳಿದರು. ನಾನು ನಿಯಮ ವಿವರಿಸಿದೆ. ಅವರು ಒಪ್ಪಿದಂತೆ ಕಾಣಲಿಲ್ಲ. ಚೆಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ನೀರಗುರುತು ನೋಡಿದರು. ಆಮೇಲೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರು. ಹಂಚಿನವರ ಕೈ ಚಾಳಿ ಅದು. ಸರಿ ಬೆಂದ ಹಂಚನ್ನು ತಟ್ಟಿದರೆ ಗಂಟೆಯ ಹಾಗೆ ಕೇಳುತ್ತದೆ, ಬಿರುಕಿದ್ದರೆ ದನಿ ಸತ್ತಿರುತ್ತದೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಕಾಲದಿಂದಲೂ ಹಂಚಿನ ಮೈಮೇಲೆ ಮಾಡಿದವರ ಹೆಸರನ್ನು ಅಚ್ಚೊತ್ತುವ ಪದ್ಧತಿ ಇದೆ. ಆದರೂ ಯಾವ ಹಂಚಿನ ಕೆಲಸದವರೂ ಹೆಸರು ಓದಿ ಮಾಡಿಗೆ ಏರಿಸುವುದಿಲ್ಲ, ತಟ್ಟಿಯೇ ಏರಿಸುತ್ತಾರೆ.

ಚೆಕ್ಕನ್ನು ಮಡಿಸಿ ಅಂಗಿಯ ಒಳಜೇಬಿಗಿಟ್ಟು ಕೇಳಿದರು.

"ಆ ಪಡುವಣದ ಮೂಲೆ ಈಗ ಸೋರ್ತದಾ ಸಾರ್? ಅಲ್ಲಿ ಪಕಾಸೇ ಸ್ವಲ್ಪ ವಾಲಿತ್ತು. ಬದಲು ಮಾಡುವಾ ಅಂದ್ರೆ ಎಸ್ಟಿಮೇಟಿನಲ್ಲಿ ಇಲ್ಲ ಅಂದ್ರು."

ನಾನು ಕಡತ ತಿರುವಿದೆ. ನಲವತ್ತಮೂರು ಪುಟ. ಅರ್ಜಿ, ಅಂದಾಜು, ದರಪಟ್ಟಿ, ಅಳತೆ, ಆಕ್ಷೇಪಣೆ, ಸಮಜಾಯಿಷಿ, ಮರುಸಲ್ಲಿಕೆ. ಒಂಬತ್ತು ಜನರ ರುಜು ಎಣಿಸಿದೆ.

"ಇರ್ಲಿ ಬಿಡಿ ಸಾರ್" ಎಂದರು ಅವರು, ಒಂದು ರೂಪಾಯಿಯ ಸ್ಟಾಂಪಿನ ಮೇಲೆ ನಿಧಾನವಾಗಿ ರುಜು ಮಾಡುತ್ತ. "ಬಸ್ಸು ಆ ದಾರಿಯಲ್ಲೇ ಹೋಗ್ತದೆ. ಇಳಿದು ಒಂದು ಕೊಡ ನೀರು ಹೊಯ್ದು ನೋಡಿ ಹೋಗ್ತೇನೆ."